ಎತ್ತಿದ ಕೈ

ಎರಡನೇ ಹಾಡಿನ ಮಧ್ಯದಲ್ಲಿ ಟಾರ್ಚಮ್ಮನ ಹೆಗಲ ಮೇಲೆ ಬಿಳಿ ಪುಡಿ ಉದುರಿತು. ಮೇಲಿನಿಂದ ಯಾರೋ ಪೌಡರು ಚೆಲ್ಲಿರಬೇಕು ಎಂದುಕೊಂಡು ಅವಳು ಕೊಡವಿಕೊಂಡಳು. ಈ ಹುಡುಗ ಹುಡುಗಿಯರು ಏನು ಬೇಕಾದರೂ ಮಾಡುವವರು. ಕಳೆದ ಸಲ ಒಬ್ಬ ಮನೆಯಿಂದ ದಿಂಬು ತಂದು ಅದರ ಹತ್ತಿಯನ್ನೆಲ್ಲ ಹಾರಿಸಿದ್ದ. ಆದರೆ ಬೆರಳಿಗೆ ಅಂಟಿದ್ದನ್ನು ಉಜ್ಜಿ ನೋಡಿದರೆ ಅದು ಸುಣ್ಣ. ಅವಳು ನಿಂತಿದ್ದುದು ಬಾಲ್ಕನಿಯ ಕೆಳಗೆ, ಹಿಂದಿನ ಬಾಗಿಲ ಪಕ್ಕದಲ್ಲಿ. ಟಾರ್ಚನ್ನು ಮೇಲಕ್ಕೆ ತಿರುಗಿಸಿದಳು. ಬೆಳಿಗ್ಗೆ ಕಸ ಗುಡಿಸುವಾಗ ಇಲ್ಲದಿದ್ದ ಒಂದು ಬಿರುಕು ಬಾಲ್ಕನಿ ಗೋಡೆಗೆ ಸೇರುವಲ್ಲಿಂದ ಹೊರಟು ಎರಡು ಫ್ಯಾನುಗಳ ನಡುವೆ ಹಾದು ಮುಂದಕ್ಕೆ ಹೋಗಿತ್ತು. ಮೇಲೆ ಕೂತವರು ಡ್ರಮ್ಮಿನ ಜೊತೆ ಕಾಲಿನಲ್ಲಿ ತಾಳ ಹಾಕುತ್ತಿದ್ದರು. ಒಂದೊಂದು ಏಟಿಗೂ ಬಿರುಕಿನಿಂದ ಒಂದೊಂದು ಚಿಟಿಕೆ ಪುಡಿ.

ಮೇಲೆ ಎಷ್ಟು ಜನ ಇದ್ದಾರೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಬಾಲ್ಕನಿಯ ಟಿಕೆಟು ಹರಿದವಳು ಅವಳೇ. ಹನ್ನೆರಡು ಸಾಲು, ಸಾಲಿಗೆ ಇಪ್ಪತ್ತಾರು ಸೀಟು, ಒಂದೂ ಖಾಲಿ ಇಲ್ಲ. ಮುನ್ನೂರ ಹನ್ನೆರಡು ಜನ. ಅವರಲ್ಲಿ ಒಬ್ಬಳು ಅವಳ ಮಗಳು.

ಟಾರ್ಚಮ್ಮ ಎಂದು ಅವಳನ್ನು ಮೊದಲು ಯಾರು ಕರೆದರೋ, ಸಿನಿಮಾ ಕಾಲದಿಂದ ಕತ್ತಲಲ್ಲಿ ಜನರಿಗೆ ಸೀಟು ತೋರಿಸಿ ತೋರಿಸಿ ಆ ಹೆಸರೇ ನಿಂತುಬಿಟ್ಟಿತ್ತು. ಸಿನಿಮಾ ನಿಂತುಹೋಯಿತು, ಥಿಯೇಟರಿಗೆ ಆರು ವರ್ಷ ಬೀಗ ಬಿತ್ತು, ಈಗ ಎರಡು ವರ್ಷದಿಂದ ಸಂಗೀತದ ಕಾರ್ಯಕ್ರಮಗಳಿಗಾಗಿ ಮತ್ತೆ ಬಾಗಿಲು ತೆರೆದಿತ್ತು. ಕೆಳಗಿನ ಕುರ್ಚಿಗಳನ್ನು ಕಿತ್ತು ಜನ ನಿಂತು ಕುಣಿಯಲು ಜಾಗ ಮಾಡಿದ್ದರು. ಬಾಲ್ಕನಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಸಿನಿಮಾಕ್ಕೆ ಬಂದವರು ಬಾಲ್ಕನಿಯಲ್ಲಿ ಕೂರುತ್ತಿದ್ದರು, ಹೆಚ್ಚೆಂದರೆ ನಿದ್ದೆ ಹೊಡೆಯುತ್ತಿದ್ದರು. ಅದನ್ನು ಕಟ್ಟಿದವರು ಅಷ್ಟಕ್ಕೇ ಕಟ್ಟಿದ್ದರು.

ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ಹತ್ತೊಂಬತ್ತು ವರ್ಷ. ಈ ಬ್ಯಾಂಡೆಂದರೆ ಅವಳಿಗೆ ಜೀವ. ಅದರಲ್ಲೂ ಒಂದು ಹಾಡು, ‘ಮೂರನೇ ಪಾಳಿ’. ಆ ಹಾಡನ್ನು ಟಾರ್ಚಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದಳೆಂದರೆ ತರಕಾರಿ ಹೆಚ್ಚುವಾಗ ಅವಳ ಕೈಯೂ ಅದರ ತಾಳಕ್ಕೇ ಆಡುತ್ತಿತ್ತು. ಆದರೆ ಮೊಬೈಲಿನಲ್ಲಿ ಕೇಳುವುದು ಲೆಕ್ಕಕ್ಕಿಲ್ಲ ಎಂದು ಮಗಳು ವಾದಿಸುತ್ತಿದ್ದಳು.

“ಅದರಲ್ಲಿ ಕೈ ಇಲ್ವಲ್ಲಮ್ಮ,” ಅನ್ನುತ್ತಿದ್ದಳು.

ಕೈ ಎಂದರೆ ಗಾಯಕನ ಕೈ. ಒಡಕು ದನಿಯ ಅವನನ್ನು ಅಭಿಮಾನಿಗಳು ಗೊಗ್ಗಣ್ಣ ಎಂದು ಕರೆಯುತ್ತಿದ್ದರು. ಹಾಡು ಮೆಲ್ಲಗೆ ಶುರುವಾಗುತ್ತದೆ. ಒಂದೇ ಗಿಟಾರು, ಗಿರಣಿಗೆ ಹೊರಟ ಒಬ್ಬ ಕೆಲಸಗಾರನ ಕತೆ. ನಾಲ್ಕನೇ ಚರಣ ಮುಗಿದಾಗ ಗೊಗ್ಗಣ್ಣ ಬಲಗೈಯನ್ನು ಮೇಲಕ್ಕೆ ಎತ್ತುತ್ತಾನೆ, ಗಿರಣಿಯ ದೊಡ್ಡ ಸ್ವಿಚ್ಚಿಗೆ ಕೈ ಹಾಕಿದವನಂತೆ. ಎಲ್ಲ ನಿಂತುಬಿಡುತ್ತದೆ. ಆ ಕೈ ಕೆಳಗೆ ಬರುವವರೆಗೆ ಯಾರೂ ಮಿಸುಕಾಡುವಂತಿಲ್ಲ. ಪಿಸುದನಿಯಲ್ಲಿ ಸೆಕೆಂಡು ಎಣಿಸುವುದಷ್ಟೇ. ಕೈ ಬಿದ್ದ ಕೂಡಲೇ ಡ್ರಮ್ಮು, ಗಿಟಾರು, ದೀಪಗಳು ಎಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವೆ, ಇಡೀ ಸಭೆ ಒಟ್ಟಿಗೆ ನೆಗೆಯುತ್ತದೆ. ಯಾವ ಊರಿನಲ್ಲಿ ಎಷ್ಟು ಸೆಕೆಂಡು ಹಿಡಿದ ಎನ್ನುವುದು ಅಭಿಮಾನಿಗಳಿಗೆ ಬಾಯಿಪಾಠ. ತೊಂಬತ್ನಾಲ್ಕು ಎಲ್ಲಕ್ಕಿಂತ ಹೆಚ್ಚು. ಆ ದಿನ ತಾನು ಅಲ್ಲಿರಲಿಲ್ಲವೆಂದು ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಇವತ್ತು ಮಧ್ಯಾಹ್ನ ನಾಲ್ಕರ ಆಟಕ್ಕೆ ಅವಳನ್ನು ಬಾಲ್ಕನಿಯ ಮೊದಲ ಸಾಲಿನಲ್ಲಿ ಕೂರಿಸಿದವಳು ತಾಯಿಯೇ. “ಕೆಳಗೆ ನೂಕುನುಗ್ಗಲು ಕಣೇ, ಯಾರಾದ್ರೂ ತುಳಿದುಬಿಡ್ತಾರೆ. ಮೇಲೆ ನೆಮ್ಮದಿಯಾಗಿ ನೋಡು,” ಎಂದಿದ್ದಳು.

ಟಾರ್ಚಮ್ಮ ಬಾಲ್ಕನಿಯ ಹಿಂದಿನ ಉಗ್ರಾಣಕ್ಕೆ ಓಡಿದಳು. ಬಾಲ್ಕನಿಯನ್ನು ಹೊತ್ತ ಕಬ್ಬಿಣದ ತೊಲೆ ಅಲ್ಲಿ ಗೋಡೆಯೊಳಕ್ಕೆ ಹೋಗಿ ಕೂತಿತ್ತು. ಅಲ್ಲಿ ಒಂದು ಸಣ್ಣ ಸೀಳು ಕಂಡು ತಿಂಗಳ ಹಿಂದೆ ಥಿಯೇಟರಿನ ರಿಪೇರಿ ನೋಡಿಕೊಳ್ಳುವ ಮೇಸ್ತ್ರಿ ಅದರ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ, ಪೆನ್ಸಿಲಿನಲ್ಲಿ ತಾರೀಕು ಬರೆದಿದ್ದ. ಗೋಡೆ ಅಲ್ಲಾಡಿದರೆ ಕಾಗದ ಹರಿಯುತ್ತದೆ, ಅಲ್ಲಿಯವರೆಗೆ ಚಿಂತೆಯಿಲ್ಲ ಎಂದಿದ್ದ. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಕಾಗದ ಎರಡು ತುಂಡಾಗಿ ಜೋತುಬಿದ್ದಿತ್ತು. ಅವಳು ಸೀಳಿನೊಳಗೆ ಬೆರಳಿಟ್ಟಳು. ಬೆರಳು ಎರಡನೇ ಗೆಣ್ಣಿನವರೆಗೆ ಹೋಯಿತು. ವೇದಿಕೆಯಲ್ಲಿ ಡ್ರಮ್ಮು ಬಡಿದಾಗ ಇಟ್ಟಿಗೆ ಬೆರಳನ್ನು ಮೆಲ್ಲಗೆ ಒತ್ತಿ ಬಿಟ್ಟಿತು. ಅವಳು ಕೈ ಕಿತ್ತುಕೊಂಡಳು.

ಮೇಸ್ತ್ರಿ ಹಿತ್ತಲಲ್ಲಿ ಬೀಡಿ ಸೇದುತ್ತಿದ್ದ. ಸೀಟಿನ ಮೊಳೆಯಿಂದ ಹಿಡಿದು ಸರ್ಕಾರದವರೆಗೆ ಯಾವುದರ ಬಗ್ಗೆಯಾದರೂ ಗಂಟೆಗಟ್ಟಲೆ ಮಾತಾಡುವ ಮನುಷ್ಯ. ಉಗ್ರಾಣಕ್ಕೆ ಬಂದು ಸೀಳು ನೋಡಿದವನು ಬಾಯಿ ಬಿಡಲಿಲ್ಲ.

“ಮೇಸ್ತ್ರಿ, ಏನಾದ್ರೂ ಹೇಳಿ.”

“ಕೂತಿದ್ರೆ ತಡೆದೀತು,” ಎಂದ ಅವನು. “ಎದ್ದು ಕುಣಿದ್ರೆ ನಾನು ಹೇಳೋಕಾಗಲ್ಲ.”

“ಎಲ್ಲರೂ ಒಂದೇ ಸಲ ನೆಗೆದ್ರೆ?”

“ಒಂದೇ ಸಲ ಯಾಕೆ ನೆಗೀತಾರೆ?”

ಅವನಿಗೆ ಹಾಡು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅವಳು ಹೇಳಿದಾಗ ಮೇಸ್ತ್ರಿ ಬೀಡಿಯನ್ನು ಅಂಗೈಯಲ್ಲೇ ಹೊಸಕಿಬಿಟ್ಟ. “ಕೂಗಾಡಬೇಡ. ಇರೋದು ಒಂದೇ ಮೆಟ್ಟಿಲು. ಬೀಳುತ್ತೆ ಅಂತ ಒಬ್ಬ ಬಾಯಿ ಬಿಟ್ರೆ ಸಾಕು, ಬಾಲ್ಕನಿ ಬೀಳೋಕೆ ಮುಂಚೆ ಮೆಟ್ಟಿಲ ಮೇಲೇ ಸಾಯ್ತಾರೆ.”

ಇನ್ನೊಂದು ಮೆಟ್ಟಿಲಿತ್ತು. ಅದರ ತುಂಬ ಕಿತ್ತ ಕುರ್ಚಿಗಳನ್ನು ಪೇರಿಸಿ ಬೀಗ ಹಾಕಿದ್ದರು.

ಮ್ಯಾನೇಜರು ಮೊದಲು ನಂಬಲಿಲ್ಲ. “ಹಳೇ ಕಟ್ಟಡ ಟಾರ್ಚಮ್ಮ, ಸುಣ್ಣ ಉದುರದೆ ಏನು ಚಿನ್ನ ಉದುರುತ್ತಾ?” ಎಂದ. ಅವಳು ಅವನ ತೋಳು ಹಿಡಿದು ಎಳೆದುಕೊಂಡೇ ಬಂದಳು. ಅಷ್ಟು ವರ್ಷದಲ್ಲಿ ಅವನ ಎದುರು ದನಿ ಎತ್ತಿದವಳಲ್ಲ. ಸೀಳು ನೋಡಿ ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತು ತಲೆ ಹಿಡಿದುಕೊಂಡ.

“ಆ ಹಾಡು ಬೇಡ ಅಂತ ಹೇಳಿಬಿಡೋಣ,” ಎಂದ.

“ಬೇಡ ಅಂದ್ರೆ ಸುಮ್ಮನಿರಲ್ಲ ಸಾರ್. ಹೋದ ವರ್ಷ ಒಂದು ಕಡೆ ಹಾಡದೆ ಮುಗಿಸಿದ್ರಂತೆ. ಹಾಡೋ ತನಕ ಜನ ಮುಕ್ಕಾಲು ಗಂಟೆ ನೆಲ ಒದ್ದರಂತೆ. ನನ್ನ ಮಗಳೂ ಒದ್ದವಳೇ.”

ಒಳಗೆ ಮೂರನೇ ಹಾಡು ಶುರುವಾಗಿತ್ತು. ಟಾರ್ಚಮ್ಮನಿಗೆ ಆಗ ಅನಿಸಿದ್ದು ಒಂದೇ: ಇಲ್ಲಿ ಇವರಿಬ್ಬರ ಮುಖ ನೋಡುತ್ತ ನಿಂತರೆ ಮಗಳು ಹೋದಳು.

ವೇದಿಕೆಯ ಪಕ್ಕದ ಕತ್ತಲೆ ಮೂಲೆಯಲ್ಲಿ ಗೊಗ್ಗಣ್ಣ ಬಿಸಿನೀರು ಕುಡಿಯುತ್ತ ನಿಂತಿದ್ದ. ಹೊರಗೆ ಗಿಟಾರಿನವನು ಒಬ್ಬನೇ ನುಡಿಸುತ್ತಿದ್ದ. ಕಾವಲಿನವನು ಅಡ್ಡ ಕೈ ಇಟ್ಟ. ಅವಳು ಬಗ್ಗಿ ಅವನ ಕೈ ಕೆಳಗೇ ನುಸುಳಿದಳು. ಹತ್ತಿರದಿಂದ ನೋಡಿದರೆ ಗೊಗ್ಗಣ್ಣ ಪೋಸ್ಟರಿನಲ್ಲಿದ್ದಂತೆ ಇರಲಿಲ್ಲ. ಕಣ್ಣ ಕೆಳಗೆ ಕಪ್ಪು, ಕೊರಳಿಗೆ ಉಣ್ಣೆಯ ಮಫ್ಲರು, ಶೀತವಾದ ಮನುಷ್ಯನಂತಿದ್ದ.

“ಅಪ್ಪಾ, ನಾನು ಈ ಥಿಯೇಟರಿನ ಟಾರ್ಚಮ್ಮ. ಬಾಲ್ಕನಿ ಗೋಡೆ ಬಿಟ್ಟುಕೊಂಡಿದೆ. ಮೂರನೇ ಪಾಳಿಗೆ ನೆಗೆದ್ರೆ ಅದು ನಿಲ್ಲಲ್ಲ.”

ಅವನು ಲೋಟ ಕೆಳಗಿಡಲು ಹೋದ. ಸ್ಪೀಕರಿನ ಅಂಚಿಗೆ ತಾಗಿ ಅದು ಉರುಳಿತು. “ಎಷ್ಟು ಜನ ಇದಾರೆ?”

“ಮುನ್ನೂರ ಹನ್ನೆರಡು. ಕೆಳಗಡೆ ನಿಂತವರು ಬೇರೆ.”

“ನಾನು ಮೈಕಲ್ಲಿ ಹೇಳಿದ್ರೆ ಓಡ್ತಾರೆ.”

“ಓಡ್ತಾರೆ. ಅದಕ್ಕೇ ಹೇಳಬಾರದು,” ಎಂದಳು ಟಾರ್ಚಮ್ಮ. “ನೀವು ಕೈ ಎತ್ತಿದಾಗ ಯಾರೂ ಅಲ್ಲಾಡಲ್ಲ ಅಲ್ವಾ. ಆಗ ನಾನು ಇಳಿಸ್ತೀನಿ. ಒಂದೊಂದೇ ಸಾಲು.”

ಅವನು ಅವಳನ್ನು ದಿಟ್ಟಿಸಿದ. “ಎಷ್ಟು ಹೊತ್ತು ಬೇಕು?”

“ಸಿನಿಮಾ ಬಿಟ್ಟಾಗ ಎಂಟು ನಿಮಿಷದಲ್ಲಿ ಖಾಲಿ ಮಾಡಿಸ್ತಿದ್ದೆ.”

“ಎಂಟು ನಿಮಿಷ,” ಎಂದು ಅವನು ತನ್ನ ಬಲಗೈಯನ್ನೇ ನೋಡಿಕೊಂಡ. “ಅಮ್ಮಾ, ಒಂದೂವರೆ ನಿಮಿಷಕ್ಕೇ ನನಗೆ ತೋಳು ಸೆಳೆದು ಪ್ರಾಣ ಹೋಗುತ್ತೆ.” ಆಮೇಲೆ ಮಫ್ಲರು ಕಿತ್ತೆಸೆದು, ಡ್ರಮ್ಮಿನವನ ಕಿವಿಯಲ್ಲಿ ಏನೋ ಹೇಳಿದ. ಆ ಡ್ರಮ್ಮಿನವನು ತಲೆ ಎತ್ತಿ ಬಾಲ್ಕನಿಯತ್ತ ನೋಡಿ, ಕೈಯಲ್ಲಿದ್ದ ಕೋಲುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಟಾರ್ಚಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಹಾಡಿನ ಮೊದಲ ಗಿಟಾರು ಕೇಳಿಸಿತು. ಇಡೀ ಥಿಯೇಟರು ಹೋ ಎಂದಿತು. ಕೊನೆಗೆ ಬರಬೇಕಾದ ಹಾಡು ಇಷ್ಟು ಬೇಗ ಬಂದಿದ್ದಕ್ಕೆ ಕೆಲವರು ಅಳತೊಡಗಿದರು. ಬಾಲ್ಕನಿಯವರು ಎದ್ದು ನಿಂತರು. ಅವಳ ಅಂಗಾಲಿಗೆ ನೆಲ ಬಳುಕಿದ್ದು ತಿಳಿಯಿತು, ತುಂಬಿದ ದೋಣಿಗೆ ಕಾಲಿಟ್ಟಂತೆ. ನಾಲ್ಕು ಚರಣಗಳನ್ನು ಸಾವಿರ ಜನ ಅವನ ಜೊತೆ ಹಾಡಿದರು. ಮುಂದಿನ ಸಾಲಿನಲ್ಲಿ ಮಗಳ ಜಡೆ ಅತ್ತಿತ್ತ ತೂಗುತ್ತಿತ್ತು. ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಇಳಿದುಬಿಡಲೇ ಎಂದು ಟಾರ್ಚಮ್ಮನಿಗೆ ಅನಿಸಿತು. ಇಪ್ಪತ್ತು ಹೆಜ್ಜೆ ಕೂಡ ಇರಲಿಲ್ಲ.

ಗೊಗ್ಗಣ್ಣ ಕೈ ಎತ್ತಿದ. ಎಲ್ಲ ನಿಂತಿತು. ಗಿಟಾರಿನ ಒಂದೇ ಒಂದು ತಂತಿ ಮಾತ್ರ ದೂರದ ಯಂತ್ರದಂತೆ ಗುಂಯ್‌ಗುಡುತ್ತಿತ್ತು.

“ಒಂದು, ಎರಡು, ಮೂರು,” ಎಂದು ಜನ ಪಿಸುಗುಟ್ಟಿದರು.

“ಬಾಲ್ಕನಿಯವರೇ,” ಎಂದ ಅವನು ಮೈಕಿನಲ್ಲಿ, ಬಹಳ ಮೆಲ್ಲಗೆ. “ಇವತ್ತು ನೀವು ಅಷ್ಟು ದೂರ ಬೇಡ. ನನ್ನ ಕಾಲ ಬುಡಕ್ಕೆ ಬನ್ನಿ. ಟಾರ್ಚಮ್ಮ ಬೆಳಕು ಬಿಟ್ಟ ಸಾಲು ಮಾತ್ರ ಏಳಬೇಕು, ಉಳಿದವರು ಕೂತಿರಬೇಕು. ಮೆಟ್ಟಿಲ ಮೇಲೆ ಕಾಲಿನ ಸದ್ದು ಕೇಳಿಸಿದ್ರೆ ನಾನು ಹಾಡು ನಿಲ್ಲಿಸಿಬಿಡ್ತೀನಿ. ಕೊನೆಯವರು ಇಳಿಯೋ ತನಕ ಈ ಕೈ ಇಳಿಯಲ್ಲ. ಕೆಳಗಿರೋರು ಮುಂದಕ್ಕೆ ಸರಿದು ಅವರಿಗೆ ಜಾಗ ಕೊಡಿ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಸಭೆಯ ಮೇಲೆಲ್ಲ ಒಂದು ಉಸಿರು ಹರಿದುಹೋಯಿತು. ಇಂಥ ಹಿಡಿತ ಯಾವ ಊರಿನಲ್ಲೂ ಆಗಿರಲಿಲ್ಲ. ಬಾಲ್ಕನಿಯವರು ಕೂತರು. ಕೆಳಗೆ ಮೇಸ್ತ್ರಿ ಮತ್ತು ಮ್ಯಾನೇಜರು ಪಕ್ಕದ ಬಾಗಿಲುಗಳನ್ನೆಲ್ಲ ತೆಗೆದು, ತೋಳು ಚಾಚಿ ಜನರನ್ನು ಬಾಲ್ಕನಿಯ ಅಡಿಯಿಂದ ಮುಂದಕ್ಕೆ, ಅಂಗಳಕ್ಕೆ ಸರಿಸತೊಡಗಿದರು.

ಮೆಟ್ಟಿಲಿದ್ದದ್ದು ಬಾಲ್ಕನಿಯ ಹಿಂಭಾಗದಲ್ಲಿ. ಹಿಂದಿನ ಸಾಲು ಮೊದಲು ಏಳಬೇಕು, ಇಲ್ಲದಿದ್ದರೆ ನಡುದಾರಿಯಲ್ಲೇ ಜನ ಗಂಟು ಬೀಳುತ್ತಾರೆ. ಇಷ್ಟು ವರ್ಷ ಅವಳು ಹಾಗೇ ಇಳಿಸಿದವಳು. ಮೊದಲ ಸಾಲು ಎಲ್ಲರಿಗಿಂತ ಕೊನೆ. ಅವಳು ಹನ್ನೆರಡನೇ ಸಾಲಿಗೆ ಬೆಳಕು ಬಿಟ್ಟಳು.

ಜನ ಚಪ್ಪಲಿ ಕೈಯಲ್ಲಿ ಹಿಡಿದು ಎದ್ದರು. ನಗು ತಡೆಯಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಕಳ್ಳಬೆಕ್ಕುಗಳ ಹಾಗೆ ತುದಿಗಾಲಲ್ಲಿ ಇಳಿದರು. ಒಬ್ಬ ಅವಳ ಹತ್ತಿರ ಬಂದು, “ಅಮ್ಮಾ, ಈ ದಿನ ಸಾಯೋವರೆಗೂ ಮರೆಯಲ್ಲ,” ಎಂದು ಪಿಸುಗುಟ್ಟಿದ. ಅವಳು ತಲೆಯಾಡಿಸಿ ಅವನ ಬೆನ್ನಿಗೆ ಕೈ ಹಚ್ಚಿ ದಾಟಿಸಿದಳು. ಹನ್ನೊಂದು. ಹತ್ತು. ಎಣಿಕೆ ತೊಂಬತ್ತು ದಾಟಿತು. ತೊಂಬತ್ನಾಲ್ಕರ ದಾಖಲೆ ಮುರಿದಾಗ ಸಭೆ ಕೂಗಲಿಲ್ಲ, ಎಣಿಸುವ ದನಿ ಮಾತ್ರ ನಡುಗಿತು.

ಒಂಬತ್ತನೇ ಸಾಲಿನಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡ ಒಬ್ಬ ಭಾರೀ ಮನುಷ್ಯನಿದ್ದ. ಅವನನ್ನು ಇಬ್ಬರು ಎತ್ತಿ ಇಳಿಸುವಷ್ಟರಲ್ಲಿ ಎಪ್ಪತ್ತು ಸೆಕೆಂಡು ಹೋಯಿತು. ಅವನ ಊರುಗೋಲು ಕಂಬಿಗೆ ಠಣ್ಣೆಂದಾಗ ಟಾರ್ಚಮ್ಮ ಅದನ್ನು ಕಸಿದು ತಾನೇ ಹಿಡಿದುಕೊಂಡಳು. ಎಂಟು. ಏಳು. ಆರನೇ ಸಾಲಿನವರು ಏಳುವಾಗ ಅವರ ಮುಂದಿನ ಸಾಲಿನಲ್ಲಿದ್ದ ನಾಲ್ವರು ಗೆಳೆಯರು ಖುಷಿ ತಡೆಯಲಾರದೆ ಕೂತಲ್ಲೇ ಮಂಡಿ ಕುಣಿಸತೊಡಗಿದರು. ನೆಲ ಗುಡುಗುಡು ಎಂದಿತು. ಕೆಳಗಿನಿಂದ ಒಂದು ಸದ್ದು ಬಂತು, ಒಣಗಿದ ಕಟ್ಟಿಗೆ ಮುರಿದಂತೆ. ಅವಳು ಟಾರ್ಚನ್ನು ಅವರ ಮುಖಕ್ಕೇ ಹಿಡಿದಳು.

ಮೊದಲ ಸಾಲಿನಿಂದ ಮಗಳು ತಿರುಗಿ ನೋಡಿದಳು. ಟಾರ್ಚಿನ ಹಿಂದಿನ ಮಂದ ಬೆಳಕಿನಲ್ಲಿ ಅವಳಿಗೆ ತಾಯಿಯ ಮುಖ ಕಂಡಿರಬೇಕು. ಅವಳ ಮುಖದ ನಗು ಆರಿತು.

“ಅಮ್ಮ, ಏನಾಯ್ತು?” ಎಂದು ತುಟಿಯಲ್ಲೇ ಕೇಳಿದಳು.

ಏನಿಲ್ಲ ಎಂದು ತಾಯಿ ತಲೆಯಾಡಿಸಿದಳು. ಕೂತ್ಕೋ ಎಂದು ಕೈ ಮಾಡಿದಳು.

ಮಗಳು ಆ ನಾಲ್ವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು, ಗೊಗ್ಗಣ್ಣನ ಎತ್ತಿದ ಕೈಯನ್ನು ತೋರಿಸಿದಳು. ಅವರ ಮಂಡಿ ನಿಂತಿತು. ಆಮೇಲೆ ಅವಳು ಮುಂದಕ್ಕೆ ತಿರುಗಿ, ಸೀಟಿನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು, ಮೈ ಹಗುರ ಮಾಡಿಕೊಳ್ಳುವವಳಂತೆ ಉಸಿರೆಳೆದು ಕೂತಳು.

ಎಣಿಕೆ ಮುನ್ನೂರ ತೊಂಬತ್ತಕ್ಕೆ ಬಂತು. ವೇದಿಕೆಯ ಮೇಲೆ ಗೊಗ್ಗಣ್ಣನ ತೋಳು ಕಣ್ಣಿಗೆ ಕಾಣುವಷ್ಟು ನಡುಗುತ್ತಿತ್ತು. ಬೆವರು ಮೊಣಕೈಯಿಂದ ಇಳಿಯುತ್ತಿತ್ತು. ಒಂದು ಸಲ ಕೈ ಗೇಣುದ್ದ ಕೆಳಗೆ ಜಾರಿತು. ಸಾವಿರ ಎದೆಗಳು ನೆಗೆಯಲು ಸಿದ್ಧವಾದವು. ಬಾಲ್ಕನಿಯಲ್ಲಿ ಉಳಿದಿದ್ದ ಐದು ಸಾಲುಗಳೂ ಸೀಟಿನಿಂದ ಎದ್ದವು. ಟಾರ್ಚಮ್ಮ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಕೈ ಮತ್ತೆ ಮೇಲೆಯೇ ಇತ್ತು. ಬೇಸ್ ಗಿಟಾರಿನವಳು ತನ್ನ ಗಿಟಾರಿನ ಪಟ್ಟಿಯನ್ನು ಬಿಚ್ಚಿ ಅವನ ಮಣಿಕಟ್ಟಿಗೆ ಸುತ್ತಿ, ದೀಪದ ಕಂಬಕ್ಕೆ ಬಿಗಿಯುತ್ತಿದ್ದಳು. ಜನ ಅದನ್ನೂ ಆಟವೆಂದುಕೊಂಡು ಕಣ್ಣೀರು ಹಾಕಿದರು.

ಐದು. ನಾಲ್ಕು. ಮೂರು. ಎರಡು. ಅವಳು ಮೊದಲ ಸಾಲಿಗೆ ಬೆಳಕು ಬಿಟ್ಟಳು. ಇಪ್ಪತ್ತಾರು ಜನ ಅವಳನ್ನು ದಾಟಿದರು. ಮಗಳು ಬಂದಾಗ ತಾಯಿ ಅವಳನ್ನು ಮುಟ್ಟಲಿಲ್ಲ. ಖಾಲಿ ಸೀಟುಗಳ ಮೇಲೆ ಒಮ್ಮೆ ಬೆಳಕು ಆಡಿಸಿ, ಯಾರೂ ಇಲ್ಲವೆಂದು ನೋಡಿ, ಅವಳು ಇಳಿದಳು. ಎಲ್ಲರೂ ಇಳಿದರೆಂದು ಗೊಗ್ಗಣ್ಣನಿಗೆ ತಿಳಿಯಲು ಬಾಗಿಲಲ್ಲಿ ನಿಂತು ವೇದಿಕೆಯತ್ತ ಟಾರ್ಚನ್ನು ಮೂರು ಸಲ ಹೊತ್ತಿಸಿ ಆರಿಸಿದಳು.

ಐನೂರ ಅರವತ್ತೆಂಟಕ್ಕೆ ಬೇಸ್ ಗಿಟಾರಿನವಳು ಪಟ್ಟಿ ಬಿಚ್ಚಿದಳು, ಕೈ ಬಿತ್ತು.

ಸಾವಿರ ಜನ ಗಟ್ಟಿ ನೆಲದ ಮೇಲೆ ನೆಗೆದರು. ಮೂರನೇ ನೆಗೆತಕ್ಕೆ ಬಾಲ್ಕನಿಯ ಅಡಿಯಿಂದ ಬಾಗಿಲಿನಷ್ಟು ಅಗಲದ ಗಿಲಾವು ಕಳಚಿ, ಸ್ವಲ್ಪ ಹೊತ್ತಿನ ಹಿಂದೆ ಅವಳು ನಿಂತಿದ್ದ ಜಾಗಕ್ಕೆ ಅಪ್ಪಳಿಸಿತು. ಡ್ರಮ್ಮಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಎದ್ದ ಧೂಳು ಬಣ್ಣದ ದೀಪಗಳಲ್ಲಿ ಹೊಗೆಯಂತೆ ತೇಲಿ ಬಂತು, ಜನ ಅದಕ್ಕೂ ಕೇಕೆ ಹಾಕಿದರು. ಮೇಸ್ತ್ರಿ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಮ್ಯಾನೇಜರು ಅಂಗಳದ ನಲ್ಲಿಯ ಕೆಳಗೆ ತಲೆ ಒಡ್ಡಿದ್ದ. ಆ ಹಾಡಿಗೇ ಅವತ್ತಿನ ಆಟ ಮುಗಿಯಿತು. ಗಂಟಲು ಕೆಟ್ಟಿದೆ ಎಂದು ಗೊಗ್ಗಣ್ಣ ಎಲ್ಲರನ್ನೂ ಹೊರಗೆ ಕಳಿಸಿದ. ಒಬ್ಬರೂ ಗೊಣಗಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಎಲ್ಲರೂ ಅದೇ ಮಾತಾಡುತ್ತಿದ್ದರು. ಐನೂರ ಅರವತ್ತೆಂಟು, ಐನೂರ ಅರವತ್ತೆಂಟು. ಮಗಳು ಮಾತ್ರ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಮೂರು ದಿನ ಕಳೆದು ಎಂಜಿನಿಯರು ಬಂದು ನೋಡಿ, ಥಿಯೇಟರಿಗೆ ಮೊಹರು ಹಾಕಿ, ಬಾಲ್ಕನಿಯನ್ನು ಕೆಡವಬೇಕೆಂದು ಬರೆದ. ಕೆಲಸ ಮುಗಿಯುವವರೆಗೆ ಟಾರ್ಚಮ್ಮನಿಗೆ ರಜ ಎಂದು ಮ್ಯಾನೇಜರು ಫೋನ್ ಮಾಡಿ ಹೇಳಿದ. ಸಂಜೆ ಮಗಳು ಕೆಲಸದಿಂದ ಬಂದವಳು ಚೀಲ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಊರಲ್ಲೆಲ್ಲ ಸುದ್ದಿ ಹರಡಿತ್ತು.

“ನಿನಗೆ ಅವತ್ತೇ ಗೊತ್ತಿತ್ತು,” ಎಂದಳು.

“ಹೂಂ.”

“ನಾನು ಮೊದಲನೇ ಸಾಲಲ್ಲಿದ್ದೆ.”

“ನಾನೇ ಕೂರಿಸಿದ್ದಲ್ವಾ.”

“ಇಪ್ಪತ್ತು ಹೆಜ್ಜೆ ಬಂದು ನನ್ನನ್ನ ಮೊದಲು ಕರ್ಕೊಂಡು ಹೋಗಬಹುದಿತ್ತು. ಯಾಕಮ್ಮ ಕರೀಲಿಲ್ಲ?”

ಟಾರ್ಚಮ್ಮ ಒಲೆ ಸಣ್ಣ ಮಾಡಿದಳು. ಹಿಂದಿನ ಸಾಲು ಮೊದಲು ಏಳಬೇಕು, ನಡುದಾರಿ ಗಂಟು ಬೀಳುತ್ತದೆ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಮೂರು ರಾತ್ರಿ ಅದನ್ನೇ ತನಗೆ ತಾನು ಹೇಳಿಕೊಂಡಿದ್ದಳು.

“ನಿನ್ನನ್ನ ಕೆಳಗೆ ಬಿಟ್ಟಿದ್ರೆ,” ಎಂದಳು, “ನಾನು ಮತ್ತೆ ಮೇಲೆ ಹತ್ತುತ್ತಿರಲಿಲ್ಲ ಕಣೇ. ಅಷ್ಟು ಹೆದರಿದ್ದೆ.”

ಮಗಳು ಚೀಲ ಇಳಿಸಿ, ಕೈ ತೊಳೆದು, ತಾಯಿಯ ಮುಂದಿದ್ದ ಬೀನ್ಸು ಮತ್ತು ಚಾಕುವನ್ನು ತನ್ನ ಕಡೆಗೆ ಎಳೆದುಕೊಂಡಳು.